ಬರಿಯ ಅಕ್ಷರದ ಬಾಳಿಕೆ

1971ರ ಜುಲೈ 4. ಅಮೆರಿಕದ ಸ್ವಾತಂತ್ರ್ಯ ದಿನ. ಪಟಾಕಿಯ ಸಂಭ್ರಮ ನೋಡಿಕೊಂಡು ಬರುತ್ತಿದ್ದ ಮೈಕೆಲ್ ಹಾರ್ಟ್ ಎಂಬ 24 ವರ್ಷದ ತರುಣ ದಾರಿಯಲ್ಲಿ ದಿನಸಿ ಅಂಗಡಿಗೆ ಹೋದರು. ಕೊಂಡ ಸಾಮಾನಿನ ಜೊತೆ ಅಂಗಡಿಯವರು ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಒಂದು ಅಚ್ಚಿನ ಪ್ರತಿಯನ್ನೂ ಹಾಕಿಕೊಟ್ಟಿದ್ದರು. ಹಾರ್ಟ್ ಅದನ್ನು ಹಿಡಿದುಕೊಂಡು ಇಲಿನಾಯ್ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಹೋದರು. ಅಲ್ಲಿನ ಗಣಕಯಂತ್ರದಲ್ಲಿ ಅವರಿಗೆ ಪರಿಚಯದ ಆಪರೇಟರ್‌ಗಳು ಒಂದು ಖಾತೆ ಮಾಡಿಕೊಟ್ಟಿದ್ದರು. ಆ ಕಾಲದಲ್ಲಿ ಗಣಕಯಂತ್ರದ ಸಮಯ ಚಿನ್ನಕ್ಕಿಂತ ತುಟ್ಟಿ. ತಮಗೆ ಸಿಕ್ಕ ಸಮಯದ ಬೆಲೆ ಹತ್ತು ಕೋಟಿ ಡಾಲರ್ ಎಂದು ಹಾರ್ಟ್ ಮುಂದೆ ಹೇಳಿಕೊಳ್ಳುತ್ತಿದ್ದರು. ಅಷ್ಟು ಬೆಲೆಬಾಳುವ ಸಮಯದಲ್ಲಿ ಮಾಡಬೇಕಾದ ಕೆಲಸ ಯಾವುದೆಂದು ಯೋಚಿಸಿ, ಕೈಯಲ್ಲಿದ್ದ ಘೋಷಣೆಯನ್ನೇ ಪೂರ್ತಿಯಾಗಿ ಟೈಪ್ ಮಾಡಿದರು. ಎಲ್ಲವೂ ಇಂಗ್ಲಿಷಿನ ದೊಡ್ಡಕ್ಷರ. ಚಿತ್ರವಿಲ್ಲ, ಅಲಂಕಾರವಿಲ್ಲ.

ಅದನ್ನು ಜಾಲದಲ್ಲಿದ್ದ ಎಲ್ಲರಿಗೂ ಕಳುಹಿಸುವುದು ಹಾರ್ಟ್ ಅವರ ಇಚ್ಛೆಯಾಗಿತ್ತು. ಹಾಗೆ ಮಾಡಿದರೆ ಜಾಲವೇ ಕುಸಿದೀತು ಎಂಬ ಎಚ್ಚರಿಕೆ ಬಂತು. ಆದ್ದರಿಂದ ಕಡತವನ್ನು ಒಂದೆಡೆ ಇಟ್ಟು, ಅದು ಎಲ್ಲಿದೆ ಎಂಬ ಸೂಚನೆಯನ್ನಷ್ಟೇ ಹಾಕಿದರು. ಬೇಕಾದವರು ಬಂದು ತೆಗೆದುಕೊಂಡು ಹೋಗಬಹುದು. ಆರು ಮಂದಿ ತೆಗೆದುಕೊಂಡರು ಎಂದು ಕಥೆ ಹೇಳುತ್ತದೆ.

ಗುಟೆನ್‌ಬರ್ಗ್ ಯೋಜನೆ ಹುಟ್ಟಿದ್ದು ಹೀಗೆ. ಇಂದು 70,000ಕ್ಕೂ ಹೆಚ್ಚು ಪುಸ್ತಕಗಳನ್ನು ಉಚಿತವಾಗಿ ಕೊಡುವ ಆ ಭಂಡಾರದಲ್ಲಿ ಒಂದನೆಯ ಸಂಖ್ಯೆಯ ಪುಸ್ತಕ ಈಗಲೂ ಅದೇ ಘೋಷಣೆ. ಅಂದಿನ ಯಂತ್ರ ಗುಜರಿ ಸೇರಿ ದಶಕಗಳೇ ಕಳೆದಿವೆ. ಆದರೆ ಆ ಬಗೆಯ ಕಡತವನ್ನು ಇಂದಿನ ಯಾವ ಗಣಕಯಂತ್ರವಾದರೂ, ಯಾವ ಕೈಫೋನಾದರೂ ತೆರೆದು ತೋರಿಸುತ್ತದೆ. ಇನ್ನೊಂದು ಕಡೆ, 1990ರ ದಶಕದಲ್ಲಿ ಬೆಂಗಳೂರಿನಲ್ಲಿ ಟೈಪ್ ಮಾಡಿಟ್ಟ ಕನ್ನಡದ ಎಷ್ಟೋ ಕಡತಗಳನ್ನು ಇಂದು ತೆರೆದರೆ ತೆರೆಯ ಮೇಲೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಐವತ್ತು ವರ್ಷ ಹಳೆಯದು ಓದಲು ಬರುತ್ತದೆ, ಮೂವತ್ತು ವರ್ಷ ಹಳೆಯದು ಬರುವುದಿಲ್ಲ. ಏಕೆ ಹೀಗೆ?

ಒಂದು ಒಪ್ಪಂದ

ಗಣಕಯಂತ್ರಕ್ಕೆ ಅಕ್ಷರ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಅಂಕಿ ಮಾತ್ರ. ಯಾವ ಅಕ್ಷರಕ್ಕೆ ಯಾವ ಅಂಕಿ ಎಂಬುದನ್ನು ಮನುಷ್ಯರು ಕುಳಿತು ಒಪ್ಪಿಕೊಳ್ಳಬೇಕು. ಮೊದಮೊದಲು ಒಂದೊಂದು ಕಂಪೆನಿಗೂ ಒಂದೊಂದು ಲೆಕ್ಕ ಇತ್ತು. ಒಬ್ಬರ ಯಂತ್ರದಲ್ಲಿ ಬರೆದದ್ದು ಇನ್ನೊಬ್ಬರ ಯಂತ್ರಕ್ಕೆ ಅರ್ಥವಾಗುತ್ತಿರಲಿಲ್ಲ. 1963ರಲ್ಲಿ ಅಮೆರಿಕದಲ್ಲಿ ಒಂದು ಸಮಾನ ಪಟ್ಟಿ ಹೊರಬಂತು. ಅದರ ಹೆಸರು ಆಸ್ಕಿ. ಒಟ್ಟು 128 ಸ್ಥಾನಗಳು. ದೊಡ್ಡ 'ಎ' ಅಕ್ಷರಕ್ಕೆ 65. 1967ರ ಪರಿಷ್ಕರಣೆಯಲ್ಲಿ ಸಣ್ಣಕ್ಷರಗಳು ಸೇರಿದಾಗ ಸಣ್ಣ 'ಎ'ಗೆ 97 ದಕ್ಕಿತು. ಕೆಲವು ಅಂಕಿಗಳು ಅಕ್ಷರಗಳೇ ಅಲ್ಲ, ಟೆಲಿಟೈಪ್ ಯಂತ್ರಕ್ಕೆ ಕೊಡುವ ಆಜ್ಞೆಗಳು: 10 ಎಂದರೆ ಕಾಗದವನ್ನು ಒಂದು ಸಾಲು ಮೇಲೆ ಸರಿಸು, 7 ಎಂದರೆ ಗಂಟೆ ಬಾರಿಸು.

ಈ ಪಟ್ಟಿಯ ಪ್ರಕಾರ ಸಾಲಾಗಿ ಜೋಡಿಸಿಟ್ಟ ಅಂಕಿಗಳಿಗೇ 'ಪ್ಲೈನ್ ಟೆಕ್ಸ್ಟ್' ಎಂದು ಹೆಸರು. ಕನ್ನಡದಲ್ಲಿ ಬರಿಯ ಅಕ್ಷರದ ಕಡತ ಎನ್ನಬಹುದು. ಅಕ್ಷರ ಎಷ್ಟು ದಪ್ಪ, ಯಾವ ಬಣ್ಣ, ಪುಟದ ಅಂಚು ಎಷ್ಟು ಎಂಬ ಯಾವ ವಿವರವೂ ಅದರಲ್ಲಿ ಇರುವುದಿಲ್ಲ. ಅದರ ಬಡತನವೇ ಅದರ ಬಲ. ಓದಲು ಇಂಥದೇ ಕಂಪೆನಿಯ ತಂತ್ರಾಂಶ ಬೇಕೆಂಬ ಹಂಗಿಲ್ಲ. ಪಟ್ಟಿ ಗೊತ್ತಿದ್ದರೆ ಸಾಕು.

ಪೇಟೆಂಟ್ ವಿಭಾಗದ ಮೂವರು ಬೆರಳಚ್ಚುಗಾರರು

ಇಂಥ ಕಡತಗಳನ್ನು ಬರೆಯಲು, ತಿದ್ದಲು, ಹುಡುಕಲು ಉಪಕರಣಗಳು ಬೇಕಲ್ಲ? ಅವು ಬಂದದ್ದು ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್‌ನಿಂದ. ಅಲ್ಲಿ 1969ರಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅಷ್ಟಾಗಿ ಯಾರೂ ಬಳಸದೆ ಬಿಟ್ಟಿದ್ದ ಸಣ್ಣ ಯಂತ್ರವೊಂದರ ಮೇಲೆ ಹೊಸ ಕಾರ್ಯಾಚರಣೆ ವ್ಯವಸ್ಥೆಯೊಂದನ್ನು ಕಟ್ಟತೊಡಗಿದರು. ಅದೇ ಮುಂದೆ ಯುನಿಕ್ಸ್ ಎಂದು ಹೆಸರಾಯಿತು. ಇನ್ನೂ ದೊಡ್ಡ ಯಂತ್ರ ಕೊಡಿಸಿ ಎಂದರೆ ಆಡಳಿತದವರು ಒಪ್ಪಲಿಲ್ಲ. ಆಗ ಅವರ ಗುಂಪು ಒಂದು ಉಪಾಯ ಹೂಡಿತು. ದಸ್ತಾವೇಜುಗಳನ್ನು ಬರೆದು ಸಿದ್ಧಪಡಿಸುವ ವ್ಯವಸ್ಥೆ ಮಾಡಿಕೊಡುತ್ತೇವೆ ಎಂದು ಹೇಳಿ ಪಿಡಿಪಿ-11 ಎಂಬ ಯಂತ್ರ ತರಿಸಿಕೊಂಡಿತು. ಸಂಸ್ಥೆಯ ಪೇಟೆಂಟ್ ವಿಭಾಗ ಅದರ ಮೊದಲ ಗಿರಾಕಿಯಾಯಿತು. 1971ರ ಉತ್ತರಾರ್ಧದಲ್ಲಿ ಆ ವಿಭಾಗದ ಮೂವರು ಬೆರಳಚ್ಚುಗಾರರು ದಿನವಿಡೀ ಪೇಟೆಂಟ್ ಅರ್ಜಿಗಳನ್ನು ಅದರಲ್ಲಿ ಟೈಪ್ ಮಾಡುತ್ತಿದ್ದರು. ಅದೇ ಯಂತ್ರದ ಮೇಲೆ ವಿಜ್ಞಾನಿಗಳು ತಮ್ಮ ಪ್ರಯೋಗವನ್ನೂ ನಡೆಸುತ್ತಿದ್ದರು. ಜಗತ್ತಿನ ಗಣಕ ವ್ಯವಸ್ಥೆಗಳ ದೊಡ್ಡ ವಂಶವೊಂದು ಗುಮಾಸ್ತರ ಬರವಣಿಗೆಯ ನೆರಳಿನಲ್ಲಿ ಬೆಳೆಯಿತು ಎಂದರೆ ತಪ್ಪಲ್ಲ.

ಆ ಯಂತ್ರಕ್ಕೆ ಮೌಸ್ ಇರಲಿಲ್ಲ, ಒತ್ತಲು ಚಿತ್ರಗಳಿರಲಿಲ್ಲ. ಏನು ಬೇಕೋ ಅದನ್ನು ಒಂದು ಸಾಲಿನಲ್ಲಿ ಟೈಪ್ ಮಾಡಬೇಕು. ಯಂತ್ರ ಉತ್ತರ ಕೊಡುತ್ತದೆ. ಇದೇ ಕಮಾಂಡ್ ಲೈನ್. 'ಇಡಿ' ಎಂಬ ಸಂಪಾದಕ ತಂತ್ರಾಂಶದ ಮಿತಭಾಷಿತನ ಪ್ರಸಿದ್ಧ. 'ಪಿ' ಎಂದರೆ ಸಾಲನ್ನು ತೋರಿಸು, 'ಡಬ್ಲ್ಯು' ಎಂದರೆ ಬರೆದಿಡು, 'ಕ್ಯೂ' ಎಂದರೆ ಹೊರಡು. ಬಳಸುವವರು ತಪ್ಪು ಮಾಡಿದರೆ ಅದು ಕೊಡುವ ಉತ್ತರ ಒಂದೇ ಒಂದು ಪ್ರಶ್ನಾರ್ಥಕ ಚಿಹ್ನೆ. ಕಾಗದದ ಮೇಲೆ ನಿಧಾನವಾಗಿ ಬಡಿಯುವ ಟೆಲಿಟೈಪ್ ಕಾಲದಲ್ಲಿ ಮಾತು ಕಡಿಮೆಯಾದಷ್ಟೂ ಸಮಯ ಉಳಿಯುತ್ತಿತ್ತು.

1973ರಲ್ಲಿ ಇದಕ್ಕೆ ಇನ್ನೊಂದು ಸೇರಿತು. ಡಗ್ಲಸ್ ಮೆಕಿಲ್ರಾಯ್ ಬಹಳ ದಿನಗಳಿಂದ ಹೇಳುತ್ತಿದ್ದ ಒಂದು ವಿಚಾರವನ್ನು ಥಾಂಪ್ಸನ್ ಒಂದೇ ರಾತ್ರಿಯಲ್ಲಿ ಜಾರಿಗೆ ತಂದರು. ಒಂದು ತಂತ್ರಾಂಶ ಹೊರಬಿಟ್ಟದ್ದನ್ನು ನೇರವಾಗಿ ಮತ್ತೊಂದಕ್ಕೆ ಹರಿಸುವ 'ಪೈಪ್' ಅದು. ಗದ್ದೆಯಿಂದ ಗದ್ದೆಗೆ ನೀರು ಬಿಡುವ ಹಾಗೆ. ಒಂದು ಕಮಾಂಡ್ ಪದಗಳನ್ನು ಬಿಡಿಸುತ್ತದೆ, ಇನ್ನೊಂದು ಅಕಾರಾದಿಯಾಗಿ ಜೋಡಿಸುತ್ತದೆ, ಮೂರನೆಯದು ಎಣಿಸುತ್ತದೆ. ಇವು ಒಂದಕ್ಕೊಂದು ಕೂಡಿಕೊಳ್ಳಲು ಸಾಧ್ಯವಾದದ್ದು ಎಲ್ಲವೂ ಒಂದೇ ಭಾಷೆ ಆಡಿದ್ದರಿಂದ. ಆ ಭಾಷೆ ಬರಿಯ ಅಕ್ಷರ.

ಜಾಲದ ಮೊದಲ ಪ್ರಕಟಣೆಗಳು

ಅಂತರಜಾಲದ ಕಟ್ಟುಕಟ್ಟಳೆಗಳೂ ಇದೇ ರೂಪದಲ್ಲಿ ಪ್ರಕಟವಾದವು. 1969ರ ಏಪ್ರಿಲ್ 7ರಂದು ಕ್ಯಾಲಿಫೋರ್ನಿಯಾದ ವಿದ್ಯಾರ್ಥಿ ಸ್ಟೀವ್ ಕ್ರಾಕರ್ ಮೊದಲ ಟಿಪ್ಪಣಿ ಹೊರಡಿಸಿದರು. ಮನೆಯಲ್ಲಿದ್ದವರ ನಿದ್ದೆ ಕೆಡದಿರಲಿ ಎಂದು ಸ್ನಾನದ ಕೋಣೆಯಲ್ಲಿ ಕುಳಿತು ಅದನ್ನು ಬರೆದದ್ದಾಗಿ ಅವರೇ ಹೇಳಿದ್ದಾರೆ. ಆಜ್ಞೆಯಂತೆ ಕೇಳಬಾರದೆಂದು ಅದನ್ನು 'ಅಭಿಪ್ರಾಯಕ್ಕಾಗಿ ಕೋರಿಕೆ' ಎಂದು ಕರೆದರು. ಆರ್‌ಎಫ್‌ಸಿ ಎಂಬ ಹೆಸರಿನ ಆ ಮಾಲೆ ಇಂದಿಗೂ ನಿಂತಿಲ್ಲ. ಮೊದಲು ಕಾಗದದಲ್ಲಿ, ಆಮೇಲೆ ಜಾಲದಲ್ಲಿ ಬಂದ ಈ ಟಿಪ್ಪಣಿಗಳು ದಶಕಗಳ ಕಾಲ ಸಾಲಿಗೆ 72 ಅಕ್ಷರ ಮೀರದ ಬರಿಯ ಅಕ್ಷರದಲ್ಲೇ ಇದ್ದವು. 2019ರಲ್ಲಿ ಮೂಲಪ್ರತಿಯ ರೂಪ ಬದಲಾದರೂ ಬರಿಯ ಅಕ್ಷರದ ಪ್ರತಿಯೊಂದು ಈಗಲೂ ಜೊತೆಗೇ ಪ್ರಕಟವಾಗುತ್ತದೆ.

ಈ ಮಾಲೆಯ 114ನೆಯ ಟಿಪ್ಪಣಿ 1971ರ ಏಪ್ರಿಲ್‌ನಲ್ಲಿ ಬಂತು. ಬರೆದವರು ಅಭಯ್ ಭೂಷಣ್. ಕಾನ್ಪುರದ ಐಐಟಿಯ ಮೊದಲ ತಂಡದ ಪದವೀಧರರು, ಆಗ ಎಂಐಟಿಯಲ್ಲಿದ್ದರು. ಒಂದು ಯಂತ್ರದ ಕಡತವನ್ನು ಇನ್ನೊಂದಕ್ಕೆ ಸಾಗಿಸುವ ವಿಧಾನವನ್ನು ಅದರಲ್ಲಿ ವಿವರಿಸಿದ್ದರು. ಎಫ್‌ಟಿಪಿ ಎಂದು ಹೆಸರಾದ ಈ ವಿಧಾನ ಮುಂದೆ ಜಗತ್ತಿನ ಮೊದಲ ಉಚಿತ ವಾಚನಾಲಯಗಳ ಬಾಗಿಲಾಯಿತು. ಹೆಸರು ಕೇಳಿದಾಗ 'ಅನಾಮಧೇಯ' ಎಂದು ಟೈಪ್ ಮಾಡಿದರೆ ಸಾಕು, ಯಾರು ಬೇಕಾದರೂ ಒಳಗೆ ಹೋಗಿ ಕಡತ ತರಬಹುದಿತ್ತು. ಹಾರ್ಟ್ ಅವರ ಪುಸ್ತಕಗಳು ಹೊರಗೆ ಹರಡಿದ್ದೂ ಇದೇ ಬಾಗಿಲಿನಿಂದ. 1989ರವರೆಗೆ ಅವರು ಸೇರಿಸಿದ್ದು ಹತ್ತೇ ಕೃತಿಗಳು. 1997ರ ಆಗಸ್ಟ್‌ಗೆ ಸಾವಿರ ತುಂಬಿತು. 2003ರಲ್ಲಿ ಹತ್ತು ಸಾವಿರ.

ಇದಲ್ಲದೆ, 1970ರ ದಶಕದ ಆರಂಭದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಲೆಸ್ ಅರ್ನೆಸ್ಟ್ 'ಫಿಂಗರ್' ಎಂಬ ಕಮಾಂಡ್ ಬರೆದಿದ್ದರು. ಸಹೋದ್ಯೋಗಿ ಕೆಲಸದಲ್ಲಿದ್ದಾರೆಯೇ ಎಂದು ತಿಳಿಯುವುದು ಅದರ ಉದ್ದೇಶ. ಬೇಕಿದ್ದವರು 'ಪ್ಲ್ಯಾನ್' ಎಂಬ ಸಣ್ಣ ಕಡತದಲ್ಲಿ ತಮ್ಮ ಕಾರ್ಯಕ್ರಮ ಬರೆದಿಡಬಹುದಿತ್ತು. ಜನ ಅದರಲ್ಲಿ ಕೆಲಸದ ದಿನಚರಿ, ಹರಟೆ, ತಮಾಷೆ ಎಲ್ಲವನ್ನೂ ತುಂಬತೊಡಗಿದರು. ತನ್ನ ಮಾತನ್ನು ತಾನೇ ಪ್ರಕಟಿಸುವ ಅಭ್ಯಾಸಕ್ಕೆ ಇದೂ ಒಂದು ನಾಂದಿ.

ಗೋಫರ್ ಎದ್ದು ಬಿದ್ದದ್ದು

1991ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಮೆಕ್‌ಕಾಹಿಲ್ ಅವರ ತಂಡ 'ಗೋಫರ್' ಎಂಬ ವ್ಯವಸ್ಥೆ ರೂಪಿಸಿತು. ಬಿಲ ತೋಡುವ ಪುಟ್ಟ ಪ್ರಾಣಿ ಗೋಫರ್ ಆ ವಿಶ್ವವಿದ್ಯಾಲಯದ ಕ್ರೀಡಾ ತಂಡಗಳ ಲಾಂಛನ. ತೆರೆಯ ಮೇಲೆ ಒಂದು ಪಟ್ಟಿ ಬರುತ್ತದೆ. ಬೇಕಾದ ಸಾಲಿಗೆ ಹೋಗಿ ಗುಂಡಿ ಒತ್ತಿದರೆ ಇನ್ನೊಂದು ಪಟ್ಟಿಯೋ ಓದಬೇಕಾದ ಕಡತವೋ ತೆರೆಯುತ್ತದೆ. ಪ್ರಕಟಿಸುವುದೂ ಸುಲಭ. ಕಡತಕೋಶದಲ್ಲಿ ಬರಿಯ ಅಕ್ಷರದ ಕಡತಗಳನ್ನು ಇಟ್ಟರೆ ಸಾಕು. ಎರಡೇ ವರ್ಷಗಳಲ್ಲಿ ಅದು ಎಲ್ಲೆಡೆ ಹರಡಿತು.

1993ರಲ್ಲಿ ವಿಶ್ವವಿದ್ಯಾಲಯ ಕೆಲವು ಬಗೆಯ ಬಳಕೆಗೆ ಶುಲ್ಕ ವಿಧಿಸುವುದಾಗಿ ಪ್ರಕಟಿಸಿತು. ಅದೇ ವರ್ಷದ ಏಪ್ರಿಲ್ 30ರಂದು ಜಿನೀವಾ ಬಳಿಯ ಸೆರ್ನ್ ಸಂಸ್ಥೆ ಟಿಮ್ ಬರ್ನರ್ಸ್-ಲೀ ರೂಪಿಸಿದ ವೆಬ್ ತಂತ್ರಾಂಶವನ್ನು ಯಾವ ಶುಲ್ಕವೂ ಇಲ್ಲದೆ ಎಲ್ಲರಿಗೂ ಬಿಟ್ಟುಕೊಟ್ಟಿತು. ಜನ ಎತ್ತ ಹೋದರೆಂದು ಹೇಳಬೇಕಾಗಿಲ್ಲ. ವೆಬ್‌ಗೆ ಚಿತ್ರ ತೋರಿಸುವ ಅನುಕೂಲವೂ ಇತ್ತೆನ್ನುವುದು ನಿಜ. ಆದರೆ ಮುಕ್ತವಾಗಿದ್ದದ್ದು ಉಳಿಯುತ್ತದೆ, ಬೇಲಿ ಹಾಕಿದ್ದು ಸೊರಗುತ್ತದೆ ಎಂಬ ಪಾಠವನ್ನು ಆ ವರ್ಷ ಕಲಿಸಿತು. ಹಾಗೆ ನೋಡಿದರೆ ವೆಬ್ ಪುಟದ ಒಳಗಿರುವುದೂ ಬರಿಯ ಅಕ್ಷರವೇ. ಅಲ್ಲಲ್ಲಿ ಗುರುತುಗಳನ್ನು ಸೇರಿಸಿರುತ್ತಾರೆ, ಅಷ್ಟೆ.

ಕನ್ನಡಕ್ಕೆ ಜಾಗವಿಲ್ಲದ ಪಟ್ಟಿ

ಈವರೆಗಿನ ಕಥೆಯಲ್ಲಿ ಕನ್ನಡ ಎಲ್ಲೂ ಬರಲಿಲ್ಲ. ಬರಲು ಸಾಧ್ಯವೂ ಇರಲಿಲ್ಲ. ಆಸ್ಕಿಯ 128 ಸ್ಥಾನಗಳಲ್ಲಿ ಕನ್ನಡದ ಒಂದು ಅಕ್ಷರಕ್ಕೂ ಎಡೆಯಿಲ್ಲ. ಅಮೆರಿಕದಲ್ಲಿದ್ದ ಕನ್ನಡಿಗರು ಜಾಲದಲ್ಲಿ ಕನ್ನಡ ಬರೆಯಬೇಕೆಂದಾಗ ಇಂಗ್ಲಿಷ್ ಲಿಪಿಯನ್ನೇ ಮೊರೆಹೊಕ್ಕರು. 'ನ'ಕ್ಕೆ ಸಣ್ಣ 'ಎನ್', 'ಣ'ಕ್ಕೆ ದೊಡ್ಡದು. 'ಲ'ಕ್ಕೆ ಸಣ್ಣ 'ಎಲ್', 'ಳ'ಕ್ಕೆ ದೊಡ್ಡದು. ಓದಲು ಕಷ್ಟ, ಆದರೆ ಕಡತ ಮಾತ್ರ ಎಲ್ಲಿಗೆ ಹೋದರೂ ಕೆಡುತ್ತಿರಲಿಲ್ಲ.

ಇತ್ತ ಮುದ್ರಣದವರು ಬೇರೆ ದಾರಿ ಹಿಡಿದರು. ಇಂಗ್ಲಿಷ್ ಅಕ್ಷರಗಳ ಅಂಕಿಗಳನ್ನೇ ಇಟ್ಟುಕೊಂಡು, ಅವುಗಳ ರೂಪದ ಜಾಗದಲ್ಲಿ ಕನ್ನಡದ ತಲೆಕಟ್ಟು, ಒತ್ತು, ಕೊಂಬು, ದೀರ್ಘಗಳ ಚಿತ್ರ ಕೂರಿಸಿದ ಫಾಂಟುಗಳು ಬಂದವು. ಯಂತ್ರದ ಲೆಕ್ಕದಲ್ಲಿ ಅಲ್ಲಿರುವುದು ಇಂಗ್ಲಿಷೇ. ಕಣ್ಣಿಗೆ ಕಾಣುವುದು ಮಾತ್ರ ಕನ್ನಡ. ಒಂದು ಬಗೆಯ ಮುಖವಾಡ. ಒಂದೊಂದು ಕಂಪೆನಿಯ ಮುಖವಾಡವೂ ಬೇರೆ. ಕಾಗದದ ಮೇಲೆ ಅಚ್ಚಾಗುವವರೆಗೆ ತೊಂದರೆಯಿರಲಿಲ್ಲ. ಆದರೆ ಕಡತವನ್ನು ಬೇರೆ ಯಂತ್ರಕ್ಕೆ ಕಳುಹಿಸಿದೊಡನೆ ಮುಖವಾಡ ಕಳಚಿ ಬೀಳುತ್ತಿತ್ತು. ಅದಕ್ಕೇ ಆಗಿನ ಕನ್ನಡ ಅಂತರಜಾಲ ಪುಟಗಳು ಮೊದಲು ಫಾಂಟನ್ನು ಇಳಿಸಿಕೊಳ್ಳಿ ಎಂದು ಓದುಗರನ್ನು ಕೇಳಿಕೊಳ್ಳುತ್ತಿದ್ದವು. 1996ರಲ್ಲಿ ಯು.ಬಿ. ಪವನಜ ಅವರು 'ವಿಶ್ವಕನ್ನಡ' ಎಂಬ ಅಂತರಜಾಲ ಪತ್ರಿಕೆ ಆರಂಭಿಸಿದ್ದು, 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ ಬಂದದ್ದು, ಅದರ ಬೆನ್ನಿಗೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದದ್ದು ಇಂಥ ಕಷ್ಟಗಳ ನಡುವೆ. ಸಾವಿರಾರು ಕನ್ನಡಿಗರು ಮೊದಲ ಬಾರಿಗೆ ಗಣಕದಲ್ಲಿ ಕನ್ನಡ ಬರೆದದ್ದು ಇವುಗಳಿಂದಲೇ ಎಂಬುದನ್ನು ಮರೆಯುವಂತಿಲ್ಲ.

ಆದರೆ ಆ ಕಾಲದ ಕಡತಗಳ ಗತಿ? ಪುಸ್ತಕಗಳು, ಪ್ರಬಂಧಗಳು, ಕಚೇರಿಯ ದಾಖಲೆಗಳು ಹಳೆಯ ಫಾಂಟುಗಳ ಲೆಕ್ಕದಲ್ಲಿ ಕುಳಿತಿವೆ. ಅವನ್ನು ಹೊಸ ಲೆಕ್ಕಕ್ಕೆ ತರುವುದು ಅಂಕಿಗೆ ಅಂಕಿ ಬದಲಿಸಿದಷ್ಟು ಸುಲಭವಲ್ಲ. ಉದಾಹರಣೆಗೆ 'ಧರ್ಮ' ಎಂಬ ಪದ. ಹಳೆಯ ಫಾಂಟಿನಲ್ಲಿ ಕಣ್ಣಿಗೆ ಕಾಣುವ ಕ್ರಮ: ಮೊದಲು ಧ, ಆಮೇಲೆ ಮ, ಕೊನೆಗೆ ಅರ್ಕಾವೊತ್ತು. ಉಚ್ಚಾರದ ಕ್ರಮದಲ್ಲಿ ರಕಾರ ಮಕಾರಕ್ಕಿಂತ ಮೊದಲು ಬರಬೇಕು. ಪರಿವರ್ತಿಸುವ ತಂತ್ರಾಂಶ ಇದನ್ನೆಲ್ಲ ಅರಿತು ಹಿಂದುಮುಂದು ಮಾಡಬೇಕು. ತಪ್ಪಿದರೆ ಪದವೇ ಕೆಡುತ್ತದೆ. ಯಾವ ಫಾಂಟಿನಲ್ಲಿ ಬರೆದದ್ದೆಂಬುದೇ ಮರೆತುಹೋಗಿದ್ದರೆ ಕಷ್ಟ ಇಮ್ಮಡಿ.

ಹೋಟೆಲಿನ ಮೇಜಿನ ಮೇಲೆ

ಪರಿಹಾರಕ್ಕೆ ಬೇಕಾದದ್ದು ಮತ್ತೊಂದು ಒಪ್ಪಂದ. ಭಾರತೀಯ ಲಿಪಿಗಳಿಗೆಲ್ಲ ಸಮಾನವಾದ 'ಇಸ್ಕಿ' ಎಂಬ ಪಟ್ಟಿಯನ್ನು ನಮ್ಮ ದೇಶ ಮಾಡಿಕೊಂಡಿತ್ತು. 1991ರಲ್ಲಿ ಭಾರತೀಯ ಮಾನಕ ಬ್ಯೂರೋ ಅದಕ್ಕೆ ಮನ್ನಣೆ ಕೊಟ್ಟಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಜಗತ್ತಿನ ಲಿಪಿಗಳನ್ನೆಲ್ಲ ಒಂದೇ ಪಟ್ಟಿಗೆ ತರುವ ಯೂನಿಕೋಡ್‌ನ ಮೊದಲ ಆವೃತ್ತಿ ಹೊರಟಿತು. ಭಾರತದ ಲಿಪಿಗಳಿಗೆ ಅದು ಇಸ್ಕಿಯ 1988ರ ಕ್ರಮವನ್ನೇ ಆಧಾರವಾಗಿ ಹಿಡಿಯಿತು. ಕನ್ನಡಕ್ಕೆ ಮೊದಲ ದಿನವೇ ಜಾಗ ಸಿಕ್ಕಿತು. ಕಾಯ್ದಿಟ್ಟ ಸ್ಥಾನಗಳ ಸಂಖ್ಯೆ 128. ಮೂವತ್ತು ವರ್ಷಗಳ ಹಿಂದೆ ಆಸ್ಕಿ ಪಟ್ಟಿಯಲ್ಲಿ ಇದ್ದದ್ದೂ ಅಷ್ಟೇ ಸ್ಥಾನ.

ಇಷ್ಟು ದೊಡ್ಡ ಪಟ್ಟಿಯನ್ನು ಹಳೆಯ ಕಡತಗಳು ಕೆಡದಂತೆ ಜಾರಿಗೆ ತರುವುದು ಹೇಗೆ? 1992ರ ಸೆಪ್ಟೆಂಬರ್‌ನ ಒಂದು ಸಂಜೆ ನ್ಯೂಜೆರ್ಸಿಯ ಹೋಟೆಲೊಂದರಲ್ಲಿ ರಾಬ್ ಪೈಕ್ ಜೊತೆ ಊಟಕ್ಕೆ ಕುಳಿತಿದ್ದ ಕೆನ್ ಥಾಂಪ್ಸನ್ ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಅದರ ಉಪಾಯ ಬರೆದರು. ಯುನಿಕ್ಸ್ ಕಟ್ಟಿದ ಅದೇ ಥಾಂಪ್ಸನ್. ಯುಟಿಎಫ್-8 ಎಂಬ ಈ ವಿಧಾನದಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಮೊದಲಿನಂತೆಯೇ ಒಂದು ಬೈಟ್. ಕನ್ನಡದ ಒಂದೊಂದು ಸಂಕೇತಕ್ಕೆ ಮೂರು. 'ಕನ್ನಡ' ಎಂಬ ಪದವನ್ನು ಯಂತ್ರ ಕ, ನ, ವಿರಾಮ ಚಿಹ್ನೆ, ಮತ್ತೆ ನ, ಡ ಎಂದು ಐದು ಸಂಕೇತಗಳಾಗಿ, ಒಟ್ಟು 15 ಬೈಟ್‌ಗಳಾಗಿ ಇಟ್ಟುಕೊಳ್ಳುತ್ತದೆ. ಹಾರ್ಟ್ ಅವರ ಕಾಲದ ಕಡತ ಒಂದಿನಿತೂ ಬದಲಾಗದೆ ಹೊಸ ಪದ್ಧತಿಯಲ್ಲೂ ಸರಿಯಾದ ಕಡತವೇ. ಹಳಬರಿಗೆ ತೊಂದರೆ ಕೊಡದೆ ಹೊಸಬರಿಗೆ ಪಂಕ್ತಿಯಲ್ಲಿ ಜಾಗ ಮಾಡಿಕೊಟ್ಟ ಜಾಣತನ ಇದು.

ಹೀಗೆ ಕನ್ನಡಕ್ಕೂ ಬರಿಯ ಅಕ್ಷರದ ಕಡತ ದಕ್ಕಿತು. ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾದದ್ದು ಈ ನೆಲೆಯ ಮೇಲೆ. 2004ರಲ್ಲಿ ಜಾನ್ ಗ್ರೂಬರ್ ಅವರು ಏರನ್ ಸ್ವಾರ್ಟ್ಜ್ ನೆರವಿನಿಂದ ರೂಪಿಸಿದ 'ಮಾರ್ಕ್‌ಡೌನ್' ಎಂಬ ಸರಳ ಗುರುತುಗಳ ಪದ್ಧತಿಯಲ್ಲಿ ಇಂದು ಯಾರು ಬೇಕಾದರೂ ಕನ್ನಡದಲ್ಲಿ ಬರೆದು, ಒಂದು ಕಮಾಂಡ್‌ನಿಂದ ಪುಟ ಮಾಡಿ, ಇನ್ನೊಂದು ಕಮಾಂಡ್‌ನಿಂದ ಜಾಲಕ್ಕೆ ಏರಿಸಬಹುದು. ಕೊರತೆ ಇಲ್ಲವೆಂದಲ್ಲ. ಒಂದು ಅಕ್ಷರಕ್ಕೆ ಒಂದು ಚೌಕ ಎಂಬ ಟೆಲಿಟೈಪ್ ಕಾಲದ ಲೆಕ್ಕವನ್ನೇ ಹಿಡಿದಿರುವ ಕಮಾಂಡ್ ತೆರೆಗಳಲ್ಲಿ ಕನ್ನಡದ ಒತ್ತಕ್ಷರಗಳು ಇಂದಿಗೂ ಎಷ್ಟೋ ಸಲ ಚೆಲ್ಲಾಪಿಲ್ಲಿಯಾಗುತ್ತವೆ. ಆದರೆ ಕಡತದ ಒಳಗಿನ ಅಂಕಿಗಳು ಮಾತ್ರ ಸರಿಯಾಗಿಯೇ ಇರುತ್ತವೆ.

ಪ್ರತಿ ಮಾಡುವವರು ಬೇಕು

ಹಾಗೆಂದು ಬರಿಯ ಅಕ್ಷರ ತಾನೇ ತಾನಾಗಿ ಉಳಿಯುವುದಿಲ್ಲ. ಹಾರ್ಟ್ 2011ರ ಸೆಪ್ಟೆಂಬರ್ 6ರಂದು ತೀರಿಕೊಂಡರು. ಅವರ ಕಡತಗಳು ಉಳಿದದ್ದು ಯಂತ್ರದಿಂದ ಯಂತ್ರಕ್ಕೆ ಜನ ಅವನ್ನು ಪ್ರತಿ ಮಾಡುತ್ತ ಬಂದದ್ದರಿಂದ. ಕನ್ನಡಕ್ಕೆ ಈ ಮಾತು ಹೊಸದಲ್ಲ. ಓಲೆಗರಿಯ ಕಾಲದಲ್ಲೂ ಹಳೆಯ ಗರಿ ಹುಳ ಹಿಡಿಯುವ ಮುಂಚೆ ಹೊಸ ಗರಿಗೆ ಇಳಿಸುವ ಪ್ರತಿಕಾರ ಬೇಕಾಗಿತ್ತು. ಫ.ಗು. ಹಳಕಟ್ಟಿಯವರು ಊರೂರು ಅಲೆದು ಓಲೆಗರಿ ಕೂಡಿಸಿ 1923ರಲ್ಲಿ 'ವಚನಶಾಸ್ತ್ರ ಸಾರ'ವನ್ನು ಅಚ್ಚಿಗೆ ತರದಿದ್ದರೆ ಎಷ್ಟೋ ವಚನಗಳು ಗರಿಯಲ್ಲೇ ಪುಡಿಯಾಗುತ್ತಿದ್ದವು. ಇಂದು 'ವಚನ ಸಂಚಯ' ಎಂಬ ಜಾಲತಾಣದಲ್ಲಿ ಸಾವಿರಾರು ವಚನಗಳು ಯೂನಿಕೋಡ್ ಅಕ್ಷರಗಳಾಗಿ ನಿಂತಿವೆ. ಯಾವ ಪದ ಯಾವ ವಚನದಲ್ಲಿದೆ ಎಂದು ಹುಡುಕಬಹುದು.

ಹಳೆಯ ಫಾಂಟುಗಳಲ್ಲಿ ಸಿಕ್ಕಿಬಿದ್ದಿರುವ ಕನ್ನಡಕ್ಕೂ ಇಂಥ ಪ್ರತಿಕಾರರು ಬೇಕು. ಆ ಕಡತಗಳನ್ನು ಟೈಪ್ ಮಾಡಿದವರಲ್ಲಿ ಅನೇಕರು ಇನ್ನೂ ನಮ್ಮ ನಡುವೆ ಇದ್ದಾರೆ. ಯಾವ ಫಾಂಟು, ಯಾವ ತಂತ್ರಾಂಶ ಎಂಬುದು ಅವರಿಗೆ ನೆನಪಿರುವಾಗಲೇ ಈ ಕೆಲಸ ಆಗಬೇಕು. ಓಲೆಗರಿಯಾದರೆ ಅರ್ಧ ಹುಳ ತಿಂದರೂ ಉಳಿದರ್ಧವನ್ನು ಕಣ್ಣಿಂದ ಓದಬಹುದಿತ್ತು. ಲೆಕ್ಕ ಮರೆತುಹೋದ ಕಡತದಲ್ಲಿ ಎಲ್ಲವೂ ಇದ್ದರೂ ಒಂದಕ್ಷರವನ್ನೂ ಓದಲಾಗುವುದಿಲ್ಲ.